ಸೊನ್ನೆ ಬಡ್ಡಿಯ ಕಾರು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ತಿಪಟೂರಿನ ಕಡೆಯವನು. ತೆಂಗಿನಕಾಯಿ ಕೊಂಡು, ಅಟ್ಟದ ಮೇಲೆ ಒಣಗಿಸಿ, ಉಂಡೆ ಕೊಬ್ಬರಿ ಮಾಡಿ ಮಾರುವ ವ್ಯಾಪಾರ ಅವನದು. ಹೆಸರು ಹೇಳಿದರೆ ಅವನ ತರಗತಿಯವರಿಗೆಲ್ಲ ಗುರುತು ಸಿಕ್ಕಿಬಿಡುತ್ತದೆ. ಆದ್ದರಿಂದ ಹೆಸರು ಬೇಡ. ಕಾಫಿ ಕುಡಿದಾದ ಮೇಲೆ ಜೇಬಿನಿಂದ ನಾಲ್ಕಾಗಿ ಮಡಿಸಿದ ಬಣ್ಣದ ಕಾಗದವೊಂದನ್ನು ತೆಗೆದು ನನ್ನ ಮುಂದೆ ಬಿಡಿಸಿಟ್ಟ. ಕಾರು ಮಾರುವವರ ಜಾಹೀರಾತು. ಎಂಟು ಲಕ್ಷದ ಕಾರು, ಎರಡು ಲಕ್ಷ ಮುಂಗಡ, ಉಳಿದ ಆರು ಲಕ್ಷವನ್ನು ತಿಂಗಳಿಗೆ 25,000 ರೂಪಾಯಿಯಂತೆ 24 ಕಂತುಗಳಲ್ಲಿ ಕಟ್ಟಬೇಕು. ಬಡ್ಡಿ ಎಂದು ಬರೆದ ಜಾಗದಲ್ಲಿ ಅಂಗೈಯಗಲದ ಒಂದು ಸೊನ್ನೆ.

"ಇದು ಒಳ್ಳೆಯದೋ ಮೋಸವೋ ನೀವೇ ಹೇಳಬೇಕು ಸಾರ್. ಪೂರ್ತಿ ದುಡ್ಡು ಕೊಟ್ಟೇ ತರೋಣವೆಂದರೆ ಬ್ಯಾಂಕಿನಲ್ಲಿ ಹಣವಿದೆ. ಬಡ್ಡಿಯೇ ಇಲ್ಲವೆಂದ ಮೇಲೆ ಅದನ್ನು ಯಾಕೆ ಮುಟ್ಟಬೇಕು ಅಂತ ಹುಡುಗರು ಹೇಳುತ್ತಾರೆ" ಎಂದ. ಸ್ವಲ್ಪ ತಡೆದು, "ಹೋದ ಸಲ ನಾನೇ ಲೆಕ್ಕ ಹಾಕಿಕೊಂಡು ಹೋಗಿ ಪೆಟ್ಟು ತಿಂದೆ" ಎಂದು ಸೇರಿಸಿದ.

ಹೋದ ಸಲದ ಕಥೆ ನನಗೆ ಗೊತ್ತಿರಲಿಲ್ಲ. ಕೇಳಿದ ಮೇಲೆ ಕುಳಿತಲ್ಲೇ ಕುಗ್ಗಿದೆ. ಹಲವು ವರ್ಷಗಳ ಹಿಂದೆ ಕಾಯಿ ಸಾಗಿಸಲು ಅವನೊಂದು ಟೆಂಪೋ ಕೊಂಡಿದ್ದ. ಮೂರು ಲಕ್ಷ ಸಾಲ ಬೇಕಾಗಿತ್ತು. ಬ್ಯಾಂಕಿನವರು ಶೇಕಡಾ 13 ಬಡ್ಡಿ ಎಂದರು. ಖಾಸಗಿ ಫೈನಾನ್ಸಿನವರೊಬ್ಬರು ಶೇಕಡಾ 10 ಸಾಕು ಎಂದರು. ನಮ್ಮ ಹುಡುಗ ಎಂಟನೆಯ ತರಗತಿಯಲ್ಲಿ ನಾನು ಕರಿಹಲಗೆಯ ಮೇಲೆ ಬರೆಸಿದ ಸೂತ್ರವನ್ನು ನೆನಪಿಸಿಕೊಂಡ. ಅಸಲು, ಕಾಲ, ದರ ಮೂರನ್ನೂ ಗುಣಿಸಿ ನೂರರಿಂದ ಭಾಗಿಸು. ಮೂರು ಲಕ್ಷಕ್ಕೆ ಮೂರು ವರ್ಷಕ್ಕೆ ಶೇಕಡಾ 10ರಂತೆ 90,000 ರೂಪಾಯಿ ಬಡ್ಡಿ, ಒಟ್ಟು 3,90,000, ಅದನ್ನು 36ರಿಂದ ಭಾಗಿಸಿದರೆ ಕಂತು 10,833. ಅವರು ಹೇಳಿದ ಕಂತಿಗೂ ಇದಕ್ಕೂ ಒಂದು ರೂಪಾಯಿಯ ವ್ಯತ್ಯಾಸವೂ ಇರಲಿಲ್ಲ. ಹದಿಮೂರಕ್ಕಿಂತ ಹತ್ತು ಕಡಿಮೆಯಲ್ಲವೇ? ಸಹಿ ಹಾಕಿದ.

ಬ್ಯಾಂಕಿನ ಶೇಕಡಾ 13ರ ಸಾಲಕ್ಕೆ ಕಂತು ಎಷ್ಟಾಗುತ್ತಿತ್ತು ಎಂದು ಅವನು ಕೇಳಿರಲೇ ಇಲ್ಲ. ಅದು 10,108 ರೂಪಾಯಿ. ಅಂದರೆ ಕಡಿಮೆ ಎಂದುಕೊಂಡು ತೆಗೆದುಕೊಂಡ ಸಾಲಕ್ಕೆ ತಿಂಗಳಿಗೆ 725 ರೂಪಾಯಿಯಂತೆ ಮೂರು ವರ್ಷದಲ್ಲಿ 26,000 ರೂಪಾಯಿ ಹೆಚ್ಚು ತೆತ್ತಿದ್ದ. ಫೈನಾನ್ಸಿನವರ ಹತ್ತು ವಾಸ್ತವವಾಗಿ ಹದಿನೆಂಟರ ಹತ್ತಿರವಿತ್ತು.

ಅವನು ನನ್ನನ್ನು ದೂರಲಿಲ್ಲ. ಆದರೆ ತಪ್ಪು ಎಲ್ಲಿತ್ತೆಂದು ನನಗೆ ತಿಳಿಯಿತು. ನಾನು ಕಲಿಸಿದ ಸೂತ್ರದಲ್ಲಿ ಒಂದು ಷರತ್ತು ಅಡಗಿದೆ: ಅಸಲು ಪೂರ್ತಿಯಾಗಿ ಕೊನೆಯ ದಿನದವರೆಗೆ ಸಾಲಗಾರನ ಬಳಿಯೇ ಇರಬೇಕು. ಕಂತಿನಲ್ಲಿ ತೀರಿಸುವವನ ಬಳಿ ಅದು ಇರುವುದಿಲ್ಲ. ಮೊದಲ ತಿಂಗಳಿನಿಂದಲೇ ಅಸಲು ಕರಗುತ್ತ ಬರುತ್ತದೆ. ಸರಾಸರಿ ನೋಡಿದರೆ ಅವನ ಬಳಿ ಇದ್ದದ್ದು ಅರ್ಧಕ್ಕಿಂತ ತುಸು ಹೆಚ್ಚು, ಬಡ್ಡಿ ಕಟ್ಟಿದ್ದು ಮಾತ್ರ ಇಡೀ ಮೊತ್ತಕ್ಕೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರಳ ಬಡ್ಡಿ ಕಲಿಸಿದ ನಾನು ಈ ಒಂದು ಮಾತನ್ನು ಯಾವ ತರಗತಿಯಲ್ಲೂ ಹೇಳಿರಲಿಲ್ಲ. ಪಠ್ಯಪುಸ್ತಕದಲ್ಲಿ ಇರಲಿಲ್ಲ ಎನ್ನುವುದು ನೆಪವಾದೀತೇ ಹೊರತು ಉತ್ತರವಾಗದು.

ಈ ಸಲವಾದರೂ ಸರಿಯಾಗಿ ನೋಡಿ ಹೇಳಬೇಕೆಂದು ಎರಡು ದಿನ ಸಮಯ ಕೇಳಿ ಅವನನ್ನು ಕಳುಹಿಸಿದೆ. ಕಾರಿಗೂ ಕಂತಿಗೂ ಗಂಟು ಬಿದ್ದದ್ದು ಅಮೆರಿಕೆಯಲ್ಲಿ. ಹಾಗಾಗಿ ಆ ದೇಶದ ಕಥೆಯಿಂದಲೇ ತೊಡಗಿದೆ. ನನಗಾಗಿ ಮಾಡಿಕೊಂಡ ಟಿಪ್ಪಣಿಗಳನ್ನು ನಿಮ್ಮ ಮುಂದೂ ಇಡುತ್ತಿದ್ದೇನೆ. ನಿಮ್ಮಲ್ಲಿ ಅನೇಕರು ಈಗ ಕಾರು ಕೊಳ್ಳುವ ವಯಸ್ಸಿನವರು.

ಕಂತಿನ ಮಾರಾಟ ಕಾರಿಗಿಂತ ಹಳೆಯದು. ಸಿಂಗರ್ ಹೊಲಿಗೆ ಯಂತ್ರದವರು 1850ರ ದಶಕದಲ್ಲೇ ಆ ಪದ್ಧತಿಯನ್ನು ಬಳಕೆಗೆ ತಂದಿದ್ದರು. ಆದರೆ ಮೊದಮೊದಲು ಕಾರೆಂಬುದು ನಗದು ಕೊಟ್ಟು ಕೊಳ್ಳುವ ವಸ್ತು. ಅದಕ್ಕೆ ಸಾಲ ಕೊಡುವುದು ಮರ್ಯಾದಸ್ಥ ಬ್ಯಾಂಕಿಗೆ ತಕ್ಕದ್ದಲ್ಲವೆಂದು ಅಲ್ಲಿನ ಬ್ಯಾಂಕುಗಳು ಭಾವಿಸಿದ್ದವು. ಇನ್ನೊಂದು ತೊಡಕೂ ಇತ್ತು. ಕಾರ್ಖಾನೆ ವರ್ಷವಿಡೀ ಒಂದೇ ಸಮನೆ ಕಾರು ತಯಾರಿಸುತ್ತದೆ, ಜನ ಮಾತ್ರ ಹಿಮಗಾಲ ಕಳೆದ ಮೇಲೆ ಕೊಳ್ಳುತ್ತಾರೆ. ಅಲ್ಲಿಯವರೆಗೆ ಕಾರುಗಳನ್ನು ಹಣ ಕೊಟ್ಟು ತಂದು ನಿಲ್ಲಿಸಿಕೊಂಡ ಮಾರಾಟಗಾರನ ಗತಿಯೇನು? ಈ ಇಕ್ಕಟ್ಟನ್ನು ಬಿಡಿಸಲು ಜನರಲ್ ಮೋಟರ್ಸ್ 1919ರಲ್ಲಿ ತನ್ನದೇ ಆದ ಸಾಲದ ಸಂಸ್ಥೆಯೊಂದನ್ನು ಸ್ಥಾಪಿಸಿತು. ಅದು ಮಾರಾಟಗಾರನಿಗೂ ಸಾಲ ಕೊಡುತ್ತಿತ್ತು, ಕೊಳ್ಳುವವನಿಗೂ ಕೊಡುತ್ತಿತ್ತು. ಬೆಲೆಯ ಮೂರನೆಯ ಒಂದು ಭಾಗ ಮುಂಗಡ, ಉಳಿದದ್ದು ಹನ್ನೆರಡು ತಿಂಗಳ ಕಂತು. ಆ ಕಾಲದ ಸಾಮಾನ್ಯ ಕಟ್ಟುಪಾಡು ಹೀಗಿತ್ತು.

ಹೆನ್ರಿ ಫೋರ್ಡನಿಗೆ ಇದು ಹಿಡಿಸಲಿಲ್ಲ. ಸಾಲವೆಂದರೆ ಆತನಿಗೆ ಆಗದು. 1923ರಲ್ಲಿ ಅವನ ಕಂಪನಿ ತದ್ವಿರುದ್ಧವಾದ ಯೋಜನೆಯೊಂದನ್ನು ಹೊರಡಿಸಿತು: ವಾರಕ್ಕೆ ಐದು ಡಾಲರಿನಂತೆ ಊರಿನ ಬ್ಯಾಂಕಿನಲ್ಲಿ ಕಟ್ಟುತ್ತ ಹೋಗಿ, ಅದಕ್ಕೆ ಬಡ್ಡಿಯೂ ಕೂಡುತ್ತದೆ, ಕಾರಿನ ಬೆಲೆಯಷ್ಟು ಹಣ ಸೇರಿದ ದಿನ ಬಂದು ಕಾರು ತೆಗೆದುಕೊಂಡು ಹೋಗಿ. ನಮ್ಮ ಅಜ್ಜಂದಿರು ಮೆಚ್ಚಬಹುದಾದ ಯೋಜನೆ. ಅವನ ಕಾರೂ ದುಬಾರಿಯಲ್ಲ. ಆ ದಶಕದ ನಡುವೆ ಮುನ್ನೂರು ಡಾಲರಿನೊಳಗೆ ಸಿಗುತ್ತಿತ್ತು. ಆದರೆ ಐದೈದು ಡಾಲರು ಕೂಡಿಡುತ್ತ ವರ್ಷಕ್ಕೂ ಹೆಚ್ಚು ಕಾಲ ನಡೆದುಕೊಂಡೇ ಓಡಾಡುವವನ ಪಕ್ಕದಲ್ಲಿ, ಮೂರನೆಯ ಒಂದು ಪಾಲು ಕೊಟ್ಟ ನೆರೆಯವನು ಅಂದೇ ಕಾರಿನಲ್ಲಿ ಹೋಗುತ್ತಿದ್ದ. ಫೋರ್ಡನ ಯೋಜನೆ ನೆಲಕಚ್ಚಿತು. 1928ರಲ್ಲಿ ಅವನ ಕಂಪನಿಯೂ ಸಾಲದ ಸಂಸ್ಥೆಯನ್ನು ತೆರೆಯಬೇಕಾಯಿತು. ಅಷ್ಟರಲ್ಲಿ ಆ ದೇಶದ ಕಾರುಗಳಲ್ಲಿ ಸುಮಾರು ಮುಕ್ಕಾಲು ಪಾಲು ಕಂತಿನ ಮೇಲೆಯೇ ಮಾರಾಟವಾಗುತ್ತಿದ್ದವು. ಇದು ಜನರನ್ನು ಕೆಡಿಸುತ್ತದೆ ಎಂಬ ಗದ್ದಲವೆದ್ದಾಗ, ಜನರಲ್ ಮೋಟರ್ಸಿನವರ ಕೋರಿಕೆಯಂತೆ ಕೊಲಂಬಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಸೆಲಿಗ್ಮನ್ ಅಧ್ಯಯನ ನಡೆಸಿ 1927ರಲ್ಲಿ ಎರಡು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದ. ಕಂತು ಕೆಟ್ಟದ್ದಲ್ಲ ಎಂಬುದು ಅದರ ಒಟ್ಟು ಧೋರಣೆ. ಕೋರಿದವರು ಯಾರೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಅದನ್ನು ಓದಬೇಕು.

ಮುಂದಿನ ಘಟನೆಯನ್ನು ಓದುವಾಗ ನನಗೆ ಟೆಂಪೋದ ನೆನಪಾಯಿತು. 1935ರಲ್ಲಿ ಜನರಲ್ ಮೋಟರ್ಸ್ 'ಶೇಕಡಾ ಆರರ ಯೋಜನೆ' ಎಂದು ದೇಶದ ತುಂಬ ಜಾಹೀರಾತು ಹಾಕಿತು. ಫೋರ್ಡ್ ಮೊದಲಾದವರು ಹಿಂಬಾಲಿಸಿದರು. ಆ ಆರನ್ನು ಲೆಕ್ಕ ಹಾಕುತ್ತಿದ್ದದ್ದು ಮೊದಲ ದಿನದ ಇಡೀ ಸಾಲದ ಮೇಲೆ, ಕಂತು ಕಟ್ಟುತ್ತ ಅಸಲು ಎಷ್ಟೇ ಇಳಿದಿರಲಿ. ಉದಾಹರಣೆಗೆ 1,20,000 ರೂಪಾಯಿಯನ್ನು ಒಂದು ವರ್ಷದ ಹನ್ನೆರಡು ಕಂತಿಗೆ ಪಡೆದರೆ, ಆರರಂತೆ ಬಡ್ಡಿ 7,200. ಆದರೆ ಸಾಲಗಾರನ ಬಳಿ ವರ್ಷದುದ್ದಕ್ಕೂ ಸರಾಸರಿ ಇರುವ ಹಣ 65,000 ಮಾತ್ರ. 65,000ಕ್ಕೆ 7,200 ಎಂದರೆ ಶೇಕಡಾ 11. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹಿಡಿದದ್ದೂ ಇದೇ ತಪ್ಪನ್ನು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು. 1940ರಲ್ಲಿ ಜನರಲ್ ಮೋಟರ್ಸ್, 1941ರಲ್ಲಿ ಫೋರ್ಡ್, ಎರಡೂ ಸೋತವು. ಲೆಕ್ಕ ಬಲ್ಲವನು ಕಾಗದ ಪೆನ್ಸಿಲು ಹಿಡಿದು ಕಂಡುಕೊಳ್ಳಬಹುದಾಗಿತ್ತಲ್ಲ ಎಂಬ ಸಮಾಧಾನ ಸಾಲದೆ ಹೋಯಿತು. ಜಾಹೀರಾತನ್ನು ಓದುವವನು ಸಾಮಾನ್ಯ ಮನುಷ್ಯ. ಆ ಸಾಮಾನ್ಯ ಮನುಷ್ಯ ಸುಮಾರು ಎಪ್ಪತ್ತು ವರ್ಷಗಳ ಮೇಲೆ ತಿಪಟೂರಿನಲ್ಲಿ ಟೆಂಪೋ ಕೊಂಡ.

ಸಾಲದ ನಿಜವಾದ ವಾರ್ಷಿಕ ದರವನ್ನು ಬರಹದಲ್ಲಿ ಕೊಡಲೇಬೇಕೆಂಬ ಕಾನೂನು ಅಮೆರಿಕೆಯಲ್ಲಿ ಬಂದದ್ದು 1968ರಲ್ಲಿ. ಅದಕ್ಕಾಗಿ ಹೋರಾಡಿದವರು ಪಾಲ್ ಡಗ್ಲಸ್, ಅರ್ಥಶಾಸ್ತ್ರದ ಮೇಷ್ಟರಾಗಿದ್ದು ಸೆನೆಟರ್ ಆದವರು. ಮಸೂದೆಯನ್ನು 1960ರಲ್ಲಿ ಮಂಡಿಸಿ ವರ್ಷಗಟ್ಟಲೆ ಕಾದರು; 1966ರ ಚುನಾವಣೆಯಲ್ಲಿ ಸೋತರು; ಅವರು ಹೊರಗಿದ್ದಾಗ ಅದು ಅಂಗೀಕಾರವಾಯಿತು. ಮೇಷ್ಟರೊಬ್ಬರ ಕೆಲಸವೆಂದು ನನಗೆ ಅವರ ಮೇಲೆ ಸ್ವಲ್ಪ ಅಭಿಮಾನ ಹೆಚ್ಚು.

ನಮ್ಮಲ್ಲಿ ಏನಾಯಿತು? ಲಾರಿ ಬಸ್ಸುಗಳಿಗೆ ಬಾಡಿಗೆ-ಖರೀದಿ ಪದ್ಧತಿಯಲ್ಲಿ ಸಾಲ ಕೊಡುವ ಸಂಸ್ಥೆಗಳು ದಕ್ಷಿಣದಲ್ಲಿ ಬೇಗ ತಲೆಯೆತ್ತಿದ್ದವು. ಮದರಾಸಿನ ಸುಂದರಂ ಫೈನಾನ್ಸ್ 1954ರದು. ಈ ವ್ಯವಹಾರಕ್ಕೆ ಕಟ್ಟು ಹಾಕಲು ಸಂಸತ್ತು 1972ರಲ್ಲಿ ಬಾಡಿಗೆ-ಖರೀದಿ ಕಾಯಿದೆಯನ್ನು ಮಾಡಿತು. ಕರಾರು ಪತ್ರದಲ್ಲಿ ಕಂತಿನ ಒಟ್ಟು ಬೆಲೆಯ ಜೊತೆಗೆ ಅದೇ ವಸ್ತುವಿನ ನಗದು ಬೆಲೆಯನ್ನೂ ಕಾಣಿಸಬೇಕು ಎಂಬ ವಿಧಿ ಅದರಲ್ಲಿತ್ತು. ಎಂಥ ಒಳ್ಳೆಯ ವಿಧಿ! ಎರಡೂ ಪಕ್ಕಪಕ್ಕದಲ್ಲಿದ್ದರೆ ಏಳನೆಯ ತರಗತಿಯ ಹುಡುಗನೂ ಕಳೆದು ನೋಡಬಲ್ಲ. ಆದರೆ ಆ ಕಾಯಿದೆ ಜಾರಿಗೇ ಬರಲಿಲ್ಲ. ಪುಸ್ತಕದಲ್ಲಿ ಮೂವತ್ತಮೂರು ವರ್ಷ ಮಲಗಿದ್ದು 2005ರಲ್ಲಿ ರದ್ದಾಯಿತು.

ಅದೂ ಅಲ್ಲದೆ ಆ ಕಾಲದಲ್ಲಿ ನಮ್ಮವರಿಗೆ ಕಾರಿಗಾಗಿ ಸಾಲ ಕೊಡುತ್ತೇವೆಂದು ಬೆನ್ನುಹತ್ತುವವರು ಯಾರಿದ್ದರು? ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲ. ಕಾರು, ಸ್ಕೂಟರು ಎರಡಕ್ಕೂ ಮುಂಗಡ ಕಟ್ಟಿ ವರ್ಷಗಟ್ಟಲೆ ಸರದಿಯಲ್ಲಿ ನಿಲ್ಲಬೇಕಾಗಿತ್ತು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಹೊರಬಂದಾಗಲೂ ಲಕ್ಷಕ್ಕೂ ಮಿಗಿಲಾದ ಜನ ಮುಂಗಡ ಕಟ್ಟಿ ಕಾದಿದ್ದರು. ಕಂಪನಿ ಕೊಳ್ಳುವವನಿಗೆ ಸಾಲ ಕೊಡುವುದರ ಬದಲು, ಕೊಳ್ಳುವವನೇ ಕಂಪನಿಗೆ ಸಾಲ ಕೊಟ್ಟಂತೆ. ವಸ್ತು ವಿರಳವಾಗಿದ್ದಾಗ ಕೊಳ್ಳುವವನು ಮೊದಲೇ ಹಣ ತೆರುತ್ತಾನೆ; ವಸ್ತು ಗೋದಾಮಿನಲ್ಲಿ ಕೊಳೆಯತೊಡಗಿದಾಗ ಮಾರುವವನೇ ಕಾಯುತ್ತಾನೆ. ಸೊನ್ನೆ ಬಡ್ಡಿಯ ಜಾಹೀರಾತು ಈ ಎರಡನೆಯ ಕಾಲದ ಕೂಸು.

ಅಮೆರಿಕೆಯಲ್ಲಿ ಆ ಕೂಸು ಬೆಳೆದ ಬಗೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. 1986ರಲ್ಲಿ ಕಾರುಗಳು ಮಾರಾಟವಾಗದೆ ನಿಂತಾಗ ಜನರಲ್ ಮೋಟರ್ಸ್ ಶೇಕಡಾ 2.9ರ ಬಡ್ಡಿ ಎಂದಿತು, ಕ್ರೈಸ್ಲರ್ 2.4 ಎಂದಿತು, ಎಲ್ಲರಿಗಿಂತ ಬಡಕಲಾಗಿದ್ದ ಅಮೆರಿಕನ್ ಮೋಟರ್ಸ್ ಸೊನ್ನೆ ಎಂದಿತು. ಮರುವರ್ಷವೇ ಆ ಕಂಪನಿಯನ್ನು ಕ್ರೈಸ್ಲರ್ ಕೊಂಡುಕೊಂಡಿತು. ಅತ್ಯಂತ ಉದಾರವಾದ ಮಾತು ಅತ್ಯಂತ ಕಷ್ಟದಲ್ಲಿದ್ದವನ ಬಾಯಿಂದ ಬಂದಿತ್ತು. ಆಮೇಲೆ 2001ರ ಸೆಪ್ಟೆಂಬರ್ 11ರ ದಾಳಿ. ಜನ ಅಂಗಡಿಗಳತ್ತ ಸುಳಿಯದಾದಾಗ, ಅದೇ ತಿಂಗಳ 19ರಂದು ಜನರಲ್ ಮೋಟರ್ಸ್ ಐದು ವರ್ಷಗಳವರೆಗಿನ ಸಾಲಕ್ಕೆ ಸೊನ್ನೆ ಬಡ್ಡಿಯನ್ನು ಘೋಷಿಸಿತು. ಉಳಿದವರೂ ದುಮುಕಿದರು. ಅಕ್ಟೋಬರಿನಲ್ಲಿ ಮಾರಾಟ ಆ ದೇಶ ಹಿಂದೆ ಕಾಣದಷ್ಟು ಏರಿತು.

ನನ್ನ ತಂಗಿಯ ಮಗ ಆಗ ಅಲ್ಲಿ ಕೆಲಸದಲ್ಲಿದ್ದ. ಕಾರು ಕೊಳ್ಳಲು ಹೋದವನಿಗೆ ಅಂಗಡಿಯವರು ಎರಡು ದಾರಿ ತೋರಿಸಿದರಂತೆ: ಸೊನ್ನೆ ಬಡ್ಡಿಯ ಸಾಲ ಬೇಕೋ, ಅಥವಾ ಬೆಲೆಯಲ್ಲಿ ಇಷ್ಟು ಸಾವಿರ ಡಾಲರು ಕಡಿತ ಬೇಕೋ? ಎರಡರಲ್ಲಿ ಒಂದು ಮಾತ್ರ. "ಮಾವ, ಯಾವುದು ಲಾಭ?" ಎಂದು ಅವನು ದೂರವಾಣಿಯಲ್ಲಿ ಕೇಳಿದ್ದ. ನಾನು ಬಡ್ಡಿಯಿಲ್ಲದ್ದೇ ಲಾಭವೆಂದು ತಟ್ಟನೆ ಹೇಳಿಬಿಟ್ಟಿದ್ದೆ. ಈಗ ಆ ಮಾತನ್ನು ನೆನೆದರೆ ನಗು ಬರುತ್ತದೆ. ಬಿಟ್ಟುಕೊಟ್ಟ ಆ ಕಡಿತವೇ ಅವನ ಬಡ್ಡಿಯಾಗಿತ್ತು. ಒಂದೇ ವ್ಯತ್ಯಾಸವೆಂದರೆ ಅಲ್ಲಿಯವರು ಎರಡು ದಾರಿಗಳನ್ನೂ ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಇಲ್ಲಿ ನನಗೆ ನಮ್ಮವನೇ ಆದ ಮಹಾವೀರಾಚಾರ್ಯ ನೆನಪಾಗುತ್ತಾನೆ. ಕ್ರಿ.ಶ. 850ರ ಸುಮಾರಿಗೆ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದ ಜೈನ ಗಣಿತಜ್ಞ. ಗ್ರಂಥ ಸಂಸ್ಕೃತದ್ದು, ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಹೊರತಂದರು. ಅದರಲ್ಲಿ ಮಿಶ್ರಕವ್ಯವಹಾರವೆಂಬ ದೊಡ್ಡ ಅಧ್ಯಾಯವಿದೆ. ಬಡ್ಡಿಯ ಲೆಕ್ಕಗಳೆಲ್ಲ ಅಲ್ಲಿವೆ. ಮೂಲವೆಂದರೆ ಅಸಲು, ವೃದ್ಧಿಯೆಂದರೆ ಬಡ್ಡಿ, ಎರಡೂ ಬೆರೆತ ಮೊತ್ತ ಮಿಶ್ರ. ಮಿಶ್ರಧನವನ್ನು ಕೊಟ್ಟು, ಇದರಲ್ಲಿ ಮೂಲವೆಷ್ಟು ವೃದ್ಧಿಯೆಷ್ಟು ಬೇರ್ಪಡಿಸು ಎಂದು ಅವನು ಮತ್ತೆ ಮತ್ತೆ ಕೇಳುತ್ತಾನೆ. ಅಸಲು ಕೊಟ್ಟು ಬಡ್ಡಿ ಕೇಳುವುದಷ್ಟೇ ನಾನು ಕಲಿಸಿದ ಲೆಕ್ಕ; ಬೆರೆತದ್ದನ್ನು ಬಿಡಿಸುವುದು ಅವನ ಲೆಕ್ಕ. ಪೇಟೆಯಲ್ಲಿ ಮನುಷ್ಯನ ಎದುರಿಗೆ ಬರುವುದು ಹೆಚ್ಚಾಗಿ ಎರಡನೆಯದೇ. ಆ ಬಣ್ಣದ ಕಾಗದದ ಮೇಲಿದ್ದ ಎಂಟು ಲಕ್ಷ ಬೆಲೆಯಲ್ಲ, ಮಿಶ್ರಧನ.

ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ಹೊರಡಿಸಿದ ಸುತ್ತೋಲೆಯ ತಿರುಳೂ ಇದೇ. ಸೊನ್ನೆ ಬಡ್ಡಿಯೆಂಬುದು ಅಸ್ತಿತ್ವದಲ್ಲೇ ಇಲ್ಲದ ಕಲ್ಪನೆ. ಬಡ್ಡಿಯನ್ನು ಸಂಸ್ಕರಣಾ ಶುಲ್ಕದಂಥ ಬೇರೆ ಹೆಸರುಗಳಲ್ಲಿ ಮರೆಮಾಚಿ ವಸೂಲು ಮಾಡಲಾಗುತ್ತಿದೆ. ತಯಾರಕರು ರಿಯಾಯಿತಿ ಕೊಡುವುದಾದರೆ ಅದನ್ನು ವಸ್ತುವಿನ ಬೆಲೆಯಲ್ಲೇ ಇಳಿಸಿ ಅನಂತರ ಸಾಲ ಮಂಜೂರು ಮಾಡಬೇಕು, ಬಡ್ಡಿಯ ದರವನ್ನು ತಿರುಚಬಾರದು ಎಂಬುದು ಅದರ ಸಾರಾಂಶ. ಆದರೂ ಇಂಥ ಯೋಜನೆಗಳು ಬೇರೆ ಬೇರೆ ಹೆಸರಿನಲ್ಲಿ ಬದುಕಿಕೊಂಡಿವೆ. ಸಾಲ ಕೊಡುವ ಸಂಸ್ಥೆ ಧರ್ಮಕ್ಕೆ ಕೊಡುವುದಿಲ್ಲ. ಅದಕ್ಕೆ ಸಲ್ಲಬೇಕಾದ ಬಡ್ಡಿಯನ್ನು ಕಾರಿನ ಕಂಪನಿಯೋ ಮಾರಾಟಗಾರನೋ ಮೊದಲೇ ತುಂಬಿಕೊಡುತ್ತಾರೆ. ನಗದು ಕೊಡುವವನಿಗೆ ಬಿಡಬಹುದಾಗಿದ್ದ ಹಣವೇ ಹಾಗೆ ದಾರಿ ಬದಲಿಸುತ್ತದೆ. ನಿಜವಾಗಿ ಬಡ್ಡಿಯಿಲ್ಲದ ಸಾಲವೆಂದರೆ ಕೈಗಡ. ನಮ್ಮ ತಾಯಿ ಪಕ್ಕದ ಮನೆಯಿಂದ ಸೇರು ಅಕ್ಕಿ ಕೈಗಡ ತಂದರೆ ಹಿಂತಿರುಗಿಸುವಾಗ ಸೇರಿನ ತಲೆ ತುಂಬಿ ಚೆಲ್ಲುವಂತೆ ಕೊಡುತ್ತಿದ್ದರು. ಯೋಚಿಸಿದರೆ ಅಲ್ಲೂ ಒಂದು ಹಿಡಿ ವೃದ್ಧಿ ಇದ್ದೇ ಇತ್ತು.

2024ರ ಅಕ್ಟೋಬರ್ 1ರಿಂದ ಈಚೆಗೆ ಇಂಥ ಹೊಸ ಸಾಲಗಳಿಗೆಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರವನ್ನು ನಮೂದಿಸಿದ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಸಹಿ ಹಾಕುವ ಮುನ್ನ ಅದನ್ನು ಕೇಳಿ ಪಡೆಯಿರಿ. ಟೆಂಪೋದ ಕಾಲದಲ್ಲಿ ಇದೊಂದಿದ್ದರೆ ನನ್ನ ವಿದ್ಯಾರ್ಥಿ ಉಳಿದುಕೊಳ್ಳುತ್ತಿದ್ದ. ಆದರೆ ಆ ಪತ್ರ ಸಾಲದ ವಿಷಯವನ್ನಷ್ಟೇ ಹೇಳುತ್ತದೆ. ನಗದು ಕೊಟ್ಟಿದ್ದರೆ ಕಾರಿನ ಬೆಲೆ ಎಷ್ಟು ಇಳಿಯುತ್ತಿತ್ತು ಎಂಬುದು ಅದರಲ್ಲಿ ಕಾಣದು. ಅದನ್ನು ಬಾಯಿಬಿಟ್ಟೇ ಕೇಳಬೇಕು.

ಅದನ್ನೇ ಕೇಳಿಕೊಂಡು ಬಾ ಎಂದು ಅವನಿಗೆ ಫೋನಿನಲ್ಲಿ ಹೇಳಿದೆ. "ಇವತ್ತೇ ಪೂರ್ತಿ ಹಣ ಕೊಟ್ಟರೆ ಕೊನೆಯ ಬೆಲೆ ಎಷ್ಟು ಅಂತ ಕೇಳು. ಸಾಲದ ಮಾತೇ ಎತ್ತಬೇಡ." ಮೊದಲು ಅದೇ ಬೆಲೆ ಎಂದರಂತೆ; ಎದ್ದು ಹೊರಟಾಗ 40,000 ರೂಪಾಯಿ ಬಿಡುತ್ತೇವೆಂದರಂತೆ. ಸೊನ್ನೆ ಬಡ್ಡಿಯ ಯೋಜನೆಗೆ 6,000 ರೂಪಾಯಿ ಸಂಸ್ಕರಣಾ ಶುಲ್ಕವಿದೆ ಎಂಬ ಸಂಗತಿಯೂ ಆಗಲೇ ಹೊರಬಿತ್ತು.

ಎರಡನೆಯ ಸಲ ಬಂದಾಗ ಅದೇ ಬಣ್ಣದ ಕಾಗದದ ಹಿಂಬದಿಯಲ್ಲಿ ಇಬ್ಬರೂ ಲೆಕ್ಕಕ್ಕೆ ಕುಳಿತೆವು. ಕಾರಿನ ನಿಜವಾದ ಬೆಲೆ 7,60,000. ಯೋಜನೆಗೆ ಸೇರಿದರೆ ಮೊದಲ ದಿನ ಅವನು ಕೊಡುವುದು ಮುಂಗಡ, ಶುಲ್ಕ ಕೂಡಿ 2,06,000. ಹಾಗಾದರೆ ಅವನು ಪಡೆಯುವ ಸಾಲ ಆರು ಲಕ್ಷವಲ್ಲ, 5,54,000. ತೀರಿಸುವುದು ಆರು ಲಕ್ಷ. ನಡುವಿನ 46,000 ವೃದ್ಧಿ. ಕಂತುಗಳಲ್ಲಿ ಸಾಲ ಇಳಿಯುವುದರಿಂದ ಎರಡು ವರ್ಷಗಳ ಸರಾಸರಿ ಸಾಲ ಸುಮಾರು 2,88,500. ಅದಕ್ಕೆ ವರ್ಷಕ್ಕೆ 23,000 ಎಂದರೆ ಶೇಕಡಾ 8ರ ಆಸುಪಾಸು. ಅಂಗೈಯಗಲದ ಸೊನ್ನೆಯ ಒಳಗಿದ್ದದ್ದು ಎಂಟು.

ಎಂಟು ಹೆಚ್ಚೋ ಕಡಿಮೆಯೋ ಎಂಬುದು ಕೊಳ್ಳುವವನನ್ನು ಅವಲಂಬಿಸಿದ ಮಾತು. ಕೈಯಲ್ಲಿ ಹಣವಿಲ್ಲದೆ ಬ್ಯಾಂಕಿನಿಂದ ಶೇಕಡಾ 9ಕ್ಕೆ ಸಾಲ ತರಬೇಕಾದವನಿಗೆ ಅದೇ ಸಾಲದ ಮೇಲೆ ಬಡ್ಡಿ 52,000ದ ಹತ್ತಿರವಾಗುತ್ತದೆ. ಅವನಿಗೆ ಈ ಯೋಜನೆಯೇ ತುಸು ಅಗ್ಗ. ನಗದಿಗೆ ಒಂದು ಪೈಸೆಯನ್ನೂ ಬಿಡುವುದಿಲ್ಲವೆಂದು ಮಾರಾಟಗಾರ ಹಟ ಹಿಡಿದರೆ, ಹಣವಿದ್ದವನೂ ಕಂತಿಗೇ ಹೋಗಬೇಕು. ಆರು ಲಕ್ಷವನ್ನು ಶೇಕಡಾ 6ಕ್ಕೆ ಬ್ಯಾಂಕಿನಲ್ಲಿಟ್ಟು ತಿಂಗಳು ತಿಂಗಳೂ ತೆಗೆದು ಕಟ್ಟಿದರೆ 37,500ರಷ್ಟು ಬಡ್ಡಿ ಅವನಿಗೇ ಬರುತ್ತದೆ. ಶುಲ್ಕವನ್ನು ಕಳೆದರೂ ಲಾಭವೇ. ಆದರೆ ನಮ್ಮವನಿಗೆ 40,000 ಬಿಡುತ್ತೇವೆ ಎಂದಿದ್ದಾರೆ, ಬ್ಯಾಂಕಿನಲ್ಲಿ ಹಣವೂ ಇದೆ. ಆ ಹಣಕ್ಕೆ ಶೇಕಡಾ 6ರಂತೆ ಎರಡು ವರ್ಷದಲ್ಲಿ ಬರುವುದು ಹೆಚ್ಚೆಂದರೆ 34,600, ಅದರ ಮೇಲೂ ತೆರಿಗೆ. ಕಂತಿಗೆ ತೆರುವುದು 46,000. ಹನ್ನೊಂದು ಸಾವಿರಕ್ಕೂ ಹೆಚ್ಚು ನಷ್ಟ. ಆದ್ದರಿಂದ ನಗದು ಕೊಟ್ಟು ಕಾರು ತರುವುದೇ ಸರಿ ಎಂದು ತೀರ್ಪು ಬರೆದು ಅಡಿಗೆರೆ ಎಳೆದೆ. ಟೆಂಪೋದ ಋಣ ತೀರಿತೆಂದು ಒಳಗೊಳಗೇ ಸಮಾಧಾನವೂ ಆಯಿತು.

ಅವನು ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದ.

"ಸಾರ್, ಈ ಆರು ಎಲ್ಲಿಂದ ಬಂತು?"

"ಬ್ಯಾಂಕಿನ ಠೇವಣಿಯ ಬಡ್ಡಿಯಪ್ಪ."

"ನನ್ನ ದುಡ್ಡು ಬ್ಯಾಂಕಿನಲ್ಲಿ ಮಲಗಿರುವುದಿಲ್ಲ ಸಾರ್. ಹೋದ ವರ್ಷದ ಕೊಬ್ಬರಿ ಮಾರಿದ್ದಕ್ಕೆ ಈಗ ಅಲ್ಲಿದೆ. ಇನ್ನು ಹದಿನೈದು ದಿನಕ್ಕೆ ಕಾಯಿ ಕೊಳ್ಳಲು ಶುರು ಮಾಡಬೇಕು. ಕೊಂಡ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂರುತ್ತದೆ. ಕೈಯಲ್ಲಿ ದುಡ್ಡು ಸಾಲದಿದ್ದರೆ ಮಂಡಿಯಲ್ಲಿ ತರಬೇಕು. ಅಲ್ಲಿ ನೂರಕ್ಕೆ ಒಂದೂವರೆ."

ನೂರಕ್ಕೆ ತಿಂಗಳಿಗೆ ಒಂದೂವರೆ ಎಂದರೆ ವರ್ಷಕ್ಕೆ 18. ಕಾರಿಗೆ ನಗದು ಕೊಟ್ಟರೆ ಅವನು ಕಾಯಿಗೆ ಮಂಡಿಯ ಸಾಲ ತರುತ್ತಾನೆ. ಅದೇ 2,88,500ರ ಸರಾಸರಿಗೆ ಎರಡು ವರ್ಷಕ್ಕೆ 18ರಂತೆ ಒಂದು ಲಕ್ಷ ನಾಲ್ಕು ಸಾವಿರದ ಹತ್ತಿರ. ಕಾರಿನವರ 46,000 ಅದರ ಮುಂದೆ ಅರ್ಧವೂ ಅಲ್ಲ. ಲೆಕ್ಕ ತಲೆಕೆಳಗಾಯಿತು. ಅವನ ಪಾಲಿಗೆ ಸೊನ್ನೆ ಬಡ್ಡಿಯ ಸಾಲವೇ ಲಾಭ. ಬಡ್ಡಿಯಿಲ್ಲವೆಂದಲ್ಲ, ಇರುವ ಬಡ್ಡಿ ಎಂಟು ಎಂಬ ಕಾರಣಕ್ಕೆ.

ಕಂತು ತಪ್ಪಿದರೆ ಏನೇನು ದಂಡ, ವಿಮೆಯನ್ನು ಅವರಲ್ಲೇ ಮಾಡಿಸಬೇಕೆಂಬ ಒತ್ತಾಯವಿದೆಯೇ, ನಡುವೆ ಪೂರ್ತಿ ತೀರಿಸಿದರೆ ಶುಲ್ಕವೆಷ್ಟು, ಎಲ್ಲವನ್ನೂ ಬರಹದಲ್ಲಿ ಪಡೆ ಎಂದೆ. ಕೊಬ್ಬರಿಯ ಬೆಲೆ ಬಿದ್ದ ವರ್ಷ 25,000ದ ಕಂತನ್ನು ಎಲ್ಲಿಂದ ತರುತ್ತೀಯೆ ಎಂದೂ ಕೇಳಿದೆ. ಅದಕ್ಕೆ ಅವನ ಬಳಿ ಉತ್ತರವಿತ್ತು: ಆರು ಕಂತುಗಳ ಹಣವನ್ನು ಮುಟ್ಟದೆ ಬೇರೆ ಇಟ್ಟು, ಉಳಿದದ್ದರಲ್ಲಿ ಕಾಯಿ ಕೊಳ್ಳುತ್ತಾನಂತೆ.

ನಿನ್ನೆ ಫೋನು ಮಾಡಿದ್ದ. ಕಾಯಿ ನೋಡಲು ಹೊರಟಿದ್ದನಂತೆ. ಕಾರು ಬರುವ ವಾರ ಬರುತ್ತದಂತೆ. ಬಣ್ಣದ ಕಾಗದ ಇಲ್ಲೇ ನನ್ನ ಮೇಜಿನ ಮೇಲೆ ಉಳಿದಿದೆ. ಅದರ ಹಿಂಬದಿಯಲ್ಲಿ ನಾನು ಬರೆದಿದ್ದ 6ನ್ನು ಅವನು ಹೊಡೆದುಹಾಕಿ, ಪಕ್ಕದಲ್ಲಿ ನನ್ನದೇ ಕೆಂಪು ಪೆನ್ನಿನಿಂದ 18 ಎಂದು ತಿದ್ದಿದ್ದಾನೆ.